ಹನ್ನೊಂದು ನಿಮಿಷ

ಝಿನ್ವಾಲಿ ಜಲಾಶಯದಲ್ಲಿ ಹನ್ನೊಂದು ನಿಮಿಷ.
ಈ ನೀರಿನಡಿ ಒಂದು ಊರಿತ್ತು, ಅನ್ನುತ್ತೇನೆ.
ಎಲ್ಲರೂ ಕಟ್ಟೆಗೆ ಆತು ಬಗ್ಗುತ್ತಾರೆ
ಹೊಗೆಗೂಡಾದರೂ ಕಂಡೀತೇನೋ ಅಂತ.
ಕಾಣುವುದು ಹಸಿರು. ಹಸಿರಿನ ಮೇಲೆ
ಬಗ್ಗಿದವರದೇ ತಲೆ.
ಹೊರಡೋಣ, ಅನ್ನುತ್ತೇನೆ.

ಅನಾನುರಿ ಕೋಟೆಯಲ್ಲಿ ಇಪ್ಪತ್ತು.
ಶೌಚಾಲಯಕ್ಕೆ ಒಂದು ಲಾರಿ. ನಮ್ಮಲ್ಲಿ ದುಡ್ಡಿನ ಹೆಸರು ಅದು.
ರಸ್ತೆ ತುಂಬಿರುವವು ಬೇರೆ ಲಾರಿ,
ಹದಿನೆಂಟು ಚಕ್ರದವು, ಗಡಿಯ ಕಡೆ ಮುಖ ಮಾಡಿ
ಎಮ್ಮೆಗಳ ಹಾಗೆ ನಿಂತಲ್ಲೇ ನಿಂತವು.
ಕೋಟೆಯ ಕಥೆ ನನ್ನನ್ನು ಕೇಳಬೇಡಿ, ನಾನು ಡ್ರೈವರು.
ಆದರೂ ಕೇಳುತ್ತಾರೆ.
ಆದರೂ ಹೇಳುತ್ತೇನೆ.
ಪ್ರತಿ ಸಲ ಒಬ್ಬ ಸರದಾರ ಜಾಸ್ತಿ ಸಾಯುತ್ತಾನೆ.

ಪಸನೌರಿಯಲ್ಲಿ ಎರಡು ನದಿ.
ಕರಿ ಅರಾಗ್ವಿ, ಬಿಳಿ ಅರಾಗ್ವಿ,
ಒಂದೇ ಹಾಸಿಗೆಯಲ್ಲಿ ಮೈ ಸೋಕದೆ ಸ್ವಲ್ಪ ದೂರ.
ಹೊಸ ಗಂಡಹೆಂಡಿರ ಹಾಗೆ, ಅಂದರೆ ನಗುತ್ತಾರೆ.
ಹಳೇ ಗಂಡಹೆಂಡಿರ ಹಾಗೆ, ಅಂದರೆ
ಇನ್ನೂ ಜೋರು ನಗುತ್ತಾರೆ.
ಎರಡನ್ನೂ ಹೇಳಿ, ನಗು ಮುಗಿಯುವ ತನಕ
ಟೈರು ಒದ್ದು ನೋಡುತ್ತೇನೆ.

ಆಮೇಲೆ ಏರು.
ಕಿವಿ ಮುಚ್ಚುತ್ತದೆ, ಮಾತು ನಿಲ್ಲುತ್ತದೆ,
ಹಿಂದಿನ ಸೀಟಿನಲ್ಲಿ ಯಾರೋ ನಿಂಬೆಹಣ್ಣು ಮೂಸುತ್ತಾರೆ.

ಗುದೌರಿ ದಾಟಿ, ಕಣಿವೆ ಬಾಯಿ ಬಿಡುವಲ್ಲಿ
ನಾಜಿಬ್ರೋಲಾಳ ಅಂಗಡಿ.
ಅಂಗಡಿ ಅಂದರೆ ಓಡದ ನಿವಾ ಕಾರಿನ ಬಾನೆಟ್ಟು.
ಉಣ್ಣೆ ಟೋಪಿ, ಕಾಲುಚೀಲ, ಪೈನ್ ಕಾಯಿಯ ಜಾಮು,
ಅಕ್ರೋಟು ಪೋಣಿಸಿ ದ್ರಾಕ್ಷಿಪಾಕದಲ್ಲಿ ಅದ್ದಿದ ಚುರ್ಚ್‌ಖೇಲಾ.
ಅದನ್ನು ಮೇಣದಬತ್ತಿ ಅಂದುಕೊಂಡು
ಬೆಂಕಿ ಹಚ್ಚಲು ಹೋದವನೂ ಇದ್ದ.

ಅವಳು ಕಣಿವೆಗೆ ಮುಖ ಕೊಟ್ಟು ಕೂತವಳಲ್ಲ.
ಅಷ್ಟೂ ಬೆಟ್ಟ ಬೆನ್ನಿಗೆ,
ಕೈಯಲ್ಲಿ ಕಡ್ಡಿ, ಕಡ್ಡಿಯಲ್ಲಿ ಅರ್ಧ ಕಾಲುಚೀಲ.
ಎಷ್ಟು ಜನ ಇಳಿದರು ಅಂತ
ತಲೆಯೆತ್ತದೆ, ಬಾಗಿಲ ಸದ್ದಲ್ಲೇ ಎಣಿಸುತ್ತಾಳೆ.

ಒಂದು ಫೆಬ್ರವರಿ ಹಿಮ ಜಾರಿ ದಾರಿ ಮುಚ್ಚಿತ್ತು.
ಆಗ ನಾನೂ ಲಾರಿಯವನೇ. ಎರಡು ರಾತ್ರಿ.
ಸಾಲುಗಟ್ಟಿ ನಿಂತ ಕ್ಯಾಬಿನ್ನುಗಳ ಗಾಜು ತಟ್ಟುತ್ತ
ಇವಳು ಕಾಲುಚೀಲ ಮಾರುತ್ತ ಬಂದಳು.
ಜೇಬಲ್ಲಿ ಇದ್ದದ್ದು ಒಂದು ಕಾಲಿನ ದುಡ್ಡು.
"ಇನ್ನೊಂದು ಕಾಲೇನು ಕತ್ತರಿಸಿ ಕೊಡುತ್ತೀಯಾ?"
ಬೈದು, ಅದನ್ನೂ ಮಡಿಲಿಗೆ ಎಸೆದು ಹೋದಳು.

ಹನ್ನೆರಡು ವರ್ಷ. ಆ ಸಾಲ ತೀರಿಸಿಲ್ಲ.
ವ್ಯಾನು ಕೊಂಡೆ, ಮಗಳ ಮದುವೆ ಮಾಡಿದೆ,
ಹಲ್ಲು ಕಟ್ಟಿಸಿಕೊಂಡೆ.
ಅವಳು ಕೇಳುತ್ತಾಳೆ, ಚಿಲ್ಲರೆ ಇಲ್ಲ ಅನ್ನುತ್ತೇನೆ.
ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ
ಈ ತಿರುವು ಬಂದದ್ದು ಹೀಗೆ.

ಇವತ್ತು ಬೇರೆ ಕೇಳಿದಳು:
"ಉಶಾಂಗಿ, ಸುರಂಗ ಯಾವಾಗಂತೆ?"
ಕೆಳಗೆ ಬೆಟ್ಟದ ಹೊಟ್ಟೆ ಕೊರೆಯುತ್ತಿದ್ದಾರೆ.
ರಾತ್ರಿ ಜಾಮಿನ ಬಾಟಲಿಗಳು ಒಂದಕ್ಕೊಂದು ತಾಗಿ
ಕಿಣಿಕಿಣಿ ಅನ್ನುತ್ತವಂತೆ.
"ಮುಂದಿನ ವರ್ಷ ಅಂತಾರೆ."
"ಹೋದ ವರ್ಷವೂ ಅದನ್ನೇ ಅಂದಿದ್ದರು."
"ಲಾರಿ ಒಳಗೆ ಹೋಗಲಿ ಬಿಡು,
ನೋಡುವವರು ಮೇಲೆ ಬಂದೇ ಬರುತ್ತಾರೆ."
"ಯಾರು? ನೀನು?"

ಬ್ರೇಕು ಬಿಸಿಯಾಗಿದೆಯಾ ಅಂತ
ಬಗ್ಗಿ ಚಕ್ರ ಮುಟ್ಟಿದೆ. ತಣ್ಣಗಿತ್ತು.

ಎದ್ದಾಗ ಅವಳ ಅಂಗೈ ಚಾಚಿತ್ತು.
"ಕಾಲುಚೀಲದ್ದು. ಇವತ್ತು ಕೊಟ್ಟುಬಿಡು."
ಇಪ್ಪತ್ತರ ನೋಟಿದೆ, ಚಿಲ್ಲರೆ ಇಲ್ಲ, ಅಂದೆ.
"ನನ್ನ ಹತ್ತಿರ ಇದೆ."

ಎಣಿಸುತ್ತಿದ್ದಾಳೆ.
ಏಪ್ರನ್ನಿನ ಜೇಬಿನಿಂದ ಒಂದೊಂದೇ ನಾಣ್ಯ ತೆಗೆದು,
ಎರಡೂ ಮಗ್ಗುಲು ತಿರುಗಿಸಿ ನೋಡಿ,
ತಪ್ಪಿತು ಅಂತ ಮತ್ತೆ ಮೊದಲಿನಿಂದ.
ಹನ್ನೊಂದು ನಿಮಿಷ ಎಂದೋ ಮುಗಿಯಿತು.
ಬೆನ್ನ ಹಿಂದೆ ವ್ಯಾನಿನ ಬಾಗಿಲು
ತೆರೆದು ಹಾಕಿ, ತೆರೆದು ಹಾಕಿ.
ಎಷ್ಟು ಜನ ಹತ್ತಿದರೋ,
ನಾನು ಎಣಿಸಲಿಲ್ಲ.