ಎಡಗಿವಿ

ಹಾಸನದ ಹೊರಗೆ, ಹೊಳೆನರಸೀಪುರದ ರಸ್ತೆಯ
ಕೋಲ್ಡ್ ಸ್ಟೋರೇಜಿನ ವೇಬ್ರಿಡ್ಜ್ ಕೋಣೆಗೆ
ನಿನ್ನೆ ಹೊಸ ಕಂಪ್ಯೂಟರು ಬಂತು.
ಇವತ್ತು ತೂಕದ ಚೀಟಿ ಬರೀ ಬಿಳಿ.

ಹೊರಗೆ ಜಲಂಧರಿನಿಂದ ಬಿತ್ತನೆ ಆಲೂಗೆಡ್ಡೆ, ಏಳು ಲಾರಿ.
ಗೆಡ್ಡೆ ಕಾಯುವುದಿಲ್ಲ, ಮೊಳಕೆ ಒಡೆಯುತ್ತದೆ.
ಡ್ರೈವರು ಕಾಯುವುದಿಲ್ಲ, ಹಾರನ್ ಒತ್ತುತ್ತಾನೆ.

ಇಪ್ಪತ್ತೊಂದು ವರ್ಷದ ಹಿಂದೆ ನಾನೇ ಬರೆದ ಪ್ರೋಗ್ರಾಮು.
ಕಣ್ಣು ಬಿಟ್ಟೊಡನೆ ವಿಂಡೋಸಿಗೆ ಅದರ ಮೊದಲ ಮಾತು:
ನೀನು ಎಷ್ಟನೆಯದು?
ಉತ್ತರ ನೋಡಿಕೊಂಡು ಪ್ರಿಂಟರಿನ ದಾರಿ ಹಿಡಿಯುತ್ತದೆ.
ಆಗ ಜಾಣತನ ಅನ್ನಿಸಿತ್ತು.

ಡಬ್ಬದ ಮೇಲೆ ಹನ್ನೊಂದು ಅಂತಿದೆ.
ಒಳಗಿನಿಂದ ಕೇಳಿದರೆ
ಆರು ಪಾಯಿಂಟ್ ಎರಡು ಅನ್ನುತ್ತದೆ.
ಮತ್ತೆ ಕೇಳಿದೆ. ಆರು ಪಾಯಿಂಟ್ ಎರಡು.
ತಡವರಿಸದೆ.

ಮೋಸವಲ್ಲ ಅದು, ಗೊತ್ತು.
ಹಳೇ ಪ್ರೋಗ್ರಾಮು ಬೆಚ್ಚಿ ಬಿದ್ದೀತೆಂದು
ಅದು ತಡೆದುಕೊಳ್ಳುವಷ್ಟೇ ವಯಸ್ಸು ಹೇಳುವ
ದಾಕ್ಷಿಣ್ಯ.

"ವಯಸ್ಸು ಬಿಡಿ ಮೇಡಂ," ಎಲೆಗೆ ಸುಣ್ಣ ಸವರುತ್ತಾ
ತೂಕದ ಸಣ್ಣತಮ್ಮಯ್ಯ ಅಂದ,
"ನಂದೂ ಜೂನ್ ಒಂದೇ.
ನಮ್ಮೂರ ಇಸ್ಕೂಲಲ್ಲಿ ಮೂವತ್ತೊಂದು ಹುಡುಗ್ರು,
ಅಷ್ಟೂ ಜನ ಹುಟ್ಟಿದ್ದು ಜೂನ್ ಒಂದನೇ ತಾರೀಕೇ!
ಗೊರೂರು ಡ್ಯಾಮಿಗೆ ಅವ್ವ ಕಲ್ಲು ಹೊರುವಾಗ
ಹೊಟ್ಟೇಲಿದ್ನಂತೆ. ಅದ್ಯಾವ ಇಸವಿಯೋ ಅವಳಿಗೂ ಗೊತ್ತಿಲ್ಲ.
ಕಾಗದದ ಲೆಕ್ಕಕ್ಕೆ ಬರೋ ತಿಂಗಳು ರಿಟೈರು."

"ಮತ್ತೆ, ಹೇಗೆ ಸೇರಿಸಿಕೊಂಡರು?"

ಎಲೆ ಬಾಯಿಗಿಟ್ಟ. ಬಲಗೈ ಎತ್ತಿ
ನೆತ್ತಿಯ ಮೇಲಿಂದ ಬಳಸಿ
ಎಡಗಿವಿ ಹಿಡಿದು ತೋರಿಸಿದ.
"ಮೇಷ್ಟ್ರು ವಯಸ್ಸು ಕೇಳ್ಲಿಲ್ಲ. ಕಿವಿ ಮುಟ್ಟು ಅಂದ್ರು.
ಮುಟ್ತು. ಒಳಕ್ಕೆ ಕರೆದ್ರು."

ಹಾರನ್ನು.

ಹಳೆಯ ಸಾಲು ಹುಡುಕಿ ಹೋದೆ.
ನೀನು ಎಷ್ಟನೆಯದು, ಅಳಿಸಿದೆ.
ಅದನ್ನು ಬರೆದಿದ್ದ ಹುಡುಗಿ, ಎರಡು ಜಡೆಯವಳು,
ನನ್ನನ್ನು ಕೊಂಚ ಸಿಟ್ಟಿನಿಂದ ನೋಡಿದಳು.
ಅಲ್ಲೇ ಬರೆದೆ: ಈ ಬಾಗಿಲು ತಟ್ಟು,
ತೆರೆಯದಿದ್ದರೆ ಆ ಬಾಗಿಲು.
ತೆರೆದವರ ಹೆಸರು ಕೇಳಬೇಡ.

ಕರಕರ ಚೀಟಿ ಹೊರಬಂತು.
ಬೀಜ, ನೂರಾ ಎಂಬತ್ತು ಮೂಟೆ,
ಒಂಬತ್ತು ಟನ್ನು ನಲವತ್ತು ಕೆಜಿ.
ಸಣ್ಣತಮ್ಮಯ್ಯ ಹರಿದು ಕಿಟಕಿಯಾಚೆ ಚಾಚಿದ.

ಅವನ ಎಡಗಿವಿಯ ಮೇಲೆ
ಸುಣ್ಣದ ಚುಕ್ಕೆ ಹಾಗೇ ಉಳಿದಿತ್ತು.
ಹೇಳೋಣವೆಂದುಕೊಂಡೆ.
ಇನ್ನೂ ಆರು ಲಾರಿ.