ವನ್ಸ್ ಮೋರ್

ಸುಂಕಣ್ಣನ ಎಲೆಯಡಿಕೆಗೆ ಸಿಂಧೂರ ಬೆರೆಸಿದ್ದು ನಾನು.
ಕುರುಗೋಡಿನ ಕ್ಯಾಂಪು, ಶಿವರಾತ್ರಿಯ ಮರುದಿನ.
ಬೆಳಗಾಗುವುದರೊಳಗೆ ಅವನ ಕಂಠ
ತೂತುಬಿದ್ದ ಹಾರ್ಮೋನಿಯಂ ತಿದಿ.
ಕಿರೀಟ ನನ್ನ ತಲೆಗೆ ಸರಿಯಾಗೇ ಕೂತಿತು.

ಹತ್ತೊಂಬತ್ತು ವರ್ಷ.
ನನಗೆ ಬಣ್ಣ ಹಚ್ಚುವವನು ಈಗ ಅವನೇ.
ಗಲ್ಲ ಹಿಡಿದು, ಹುಬ್ಬು ತಿದ್ದಿ,
ಕೊನೆಗೆ ಹಣೆಗಿಷ್ಟು ಕೆಂಪು.
ದಿನಾ ಅಲ್ಲೇ ನಿಲ್ಲುತ್ತದೆ ಬೆರಳು
ಒಂದು ಉಸಿರು ಹೆಚ್ಚು.

ಅವನಿಗೆ ಗೊತ್ತಾ? ಕೇಳಿಲ್ಲ.
ಇಬ್ಬರಲ್ಲಿ ಧ್ವನಿ ಇರುವುದು ನನಗೊಬ್ಬನಿಗೆ.

ನಿನ್ನೆ ಬಳ್ಳಾರಿಯಲ್ಲಿ,
ಅಣ್ಣನ ಕೊಂದ ದೊರೆ ಸಾಯುವ ಸೀನು. ಮಾತು ಮರೆತೆ.
ಸೈಡ್‌ವಿಂಗಿನಲ್ಲಿ ಅವನ ತುಟಿ ಆಡಿತು ಸದ್ದಿಲ್ಲದೆ,
ಒಂದಕ್ಷರ ಬಿಡದೆ.
ನಾಲ್ಕು ಸಾಲು ಮೊದಲೇ ಕುಸಿದುಬಿಟ್ಟೆ.

ಸಿಳ್ಳೆ. ಚಪ್ಪಾಳೆ. ವನ್ಸ್ ಮೋರ್!
ಪರದೆ ಮತ್ತೆ ಏಳುವ ಮುಂಚೆ
ಉರುಳಿದ ಕಿರೀಟದ ಮಣ್ಣೊರೆಸಿ ತಲೆಗಿಟ್ಟು
ಸುಂಕಣ್ಣ ನನ್ನ ಗದ್ದದಡಿ ದಾರ ಬಿಗಿದ.