ಆರಿಸಿದ ಮೇಲೆ

ಎರಡು ನಲವತ್ತೊಂದಕ್ಕೆ ಘಟ್ಟದ ಲೈನು ಸತ್ತಿತು.
ಆನಂದರಾವ್ ಸರ್ಕಲ್ಲಿನ ಈ ಕೋಣೆಯಲ್ಲಿ
ಸಾಯುವುದೆಂದರೆ ಇಷ್ಟೆ: ಪರದೆಯ ಮೇಲೆ
ಹಸಿರು ಗೆರೆಯೊಂದು ಕೆಂಪಾಗುವುದು,
ನನ್ನ ಚಹಾ ಕೆನೆಗಟ್ಟುವುದು.

ಫೋನಿನಲ್ಲಿ ಪೆಡ್ನೇಕರ್.
ಮುಖ ನೋಡಿಲ್ಲ; ಹನ್ನೊಂದು ವರ್ಷದ ದನಿ.
"ಸರಳೆಲ್ಲ ಇಳಿದವು ಮೇಡಂ. ಎರಡೇ ಸೆಕೆಂಡು.
ಸ್ಥಾವರ ಆರಿಸಿಯಾಯಿತು."
ಆಮೇಲೆ, ಸಾಲ ಕೇಳುವವನ ಹಾಗೆ,
"ಸ್ವಲ್ಪ ಕರೆಂಟು ಬೇಕಿತ್ತು."

ಎಂಟನೇ ಕ್ರಾಸಿನ ಮುನಿಯಲ್ಲಪ್ಪನ ಇಸ್ತ್ರಿ ಗಾಡಿ
ಸುಟ್ಟದ್ದೂ ಹೀಗೇ.
ಸಂಜೆ ಕೆಂಡಕ್ಕೆ ನೀರು ಚಿಮುಕಿಸಿದ,
ಬೂದಿಯನ್ನು ಡಬ್ಬಕ್ಕೆ ಸುರಿದ, ಮನೆಗೆ ಹೋದ.
ಬೆಂಕಿ ಎದ್ದದ್ದು ನಡುರಾತ್ರಿ,
ಹೊಂಗೆಯ ಕೆಳಗೊಂಬೆಯ ತನಕ.
ಹದಿನಾಲ್ಕು ಮನೆಯ ಬಟ್ಟೆ.

ಕಡಲು ನುಗ್ಗಿ ಡೀಸೆಲ್ ಯಂತ್ರಗಳನ್ನು ಮುಳುಗಿಸಿತಲ್ಲ, ಜಪಾನಿನಲ್ಲಿ,
ಆಗ ನಾನು ಟ್ರೈನಿಂಗಿನಲ್ಲಿದ್ದೆ.
ಅಲ್ಲೂ ಆರಿಸಿದ್ದರು. ಆರಿಸಿದ್ದೇ ಕರಗಿತು.

"ನಿಮ್ಮ ಡೀಸೆಲ್ಲು?"
"ಎರಡು ಓಡ್ತಿವೆ. ಇನ್ನೊಂದು ಕೆಮ್ಮುತ್ತಿದೆ."
ಅಲ್ಲಿ ಕೊಳವೆಗಳ ಒಳಗೆ ನೀರು ಕಾಯುತ್ತಿದೆ.
ಪೆಡ್ನೇಕರ್ ಕಾಯುತ್ತಿದ್ದಾನೆ.
ನಾನು ಕಾಯುತ್ತೇನೆ, ಬೆರಳು ಗುಂಡಿಯ ಮೇಲೆ,
ಆವರ್ತನ ಇನ್ನೊಂದು ಕೂದಲೆಳೆ ಜಾರಿದರೆ
ಬೇರೆ ಲೈನುಗಳೂ ಮಲಗುತ್ತವೆ.

ಯಾರನ್ನು ಕತ್ತಲಿಗೆ ಹಾಕಲಿ?
ಆಸ್ಪತ್ರೆಗಳ ಫೀಡರು ಬಿಟ್ಟೆ, ನೀರಿನ ಪಂಪು ಬಿಟ್ಟೆ.
ಪೀಣ್ಯದ ಎರಡು, ಲಗ್ಗೆರೆಯ ಒಂದು,
ನಾಗಸಂದ್ರದ ಒಂದು ಎಳೆದೆ. ನನ್ನ ಮನೆಯೂ ಅದರಲ್ಲೇ ಬರುತ್ತದೆ,
ಅದನ್ನು ನ್ಯಾಯವೆಂದು ಯಾರೂ ಬರೆದುಕೊಳ್ಳಬೇಕಾಗಿಲ್ಲ.

ಪಕ್ಕದ ಫೋನಿಗೆ ಯಾರದೋ ಬೈಗುಳ ಬಂತು:
"ಏನ್ ಆಫೀಸ್ರೀ ನಿಮ್ದು, ಏಪ್ರಿಲ್ಲಲ್ಲಿ ಫ್ಯಾನ್ ಕಿತ್ಕೊಂಡ್ರೆ
ಕೂಸು ಹೆಂಗ್ರೀ ಮಲಗ್ಬೇಕು?"
ನಸ್ರೀನ್ ತಾಜ್ ನನ್ನತ್ತ ನೋಡಿದಳು.
ಏನೆಂದು ಹೇಳುವುದು? ನಿಮ್ಮ ಫ್ಯಾನಿನ ಗಾಳಿಯನ್ನು
ಕಾಡಿನೊಳಗಿನ ಒಂದು ಒಲೆಗೆ ಬೀಸುತ್ತಿದ್ದೇವೆ ಎಂದೇ?
"ಅರ್ಧ ಗಂಟೆ, ಸಾರ್," ಅಂದಳು.

ಇಪ್ಪತ್ತೆರಡು ನಿಮಿಷ.
ಸುತ್ತು ಹಾಕಿಸಿ, ಇನ್ನೊಂದು ದಾರಿಯಲ್ಲಿ ತಂದ ಕರೆಂಟು
ಘಟ್ಟ ಇಳಿಯಿತು. ಪಂಪುಗಳು ಹಿಡಿದವು.
"ಬಂತು," ಅಂದ ಪೆಡ್ನೇಕರ್.
ಧನ್ಯವಾದ ಹೇಳಲಿಲ್ಲ; ನಾವು ಹೇಳಿಕೊಳ್ಳುವುದಿಲ್ಲ.
"ಇನ್ನು ಎಷ್ಟು ಹೊತ್ತು ಬಿಸಿ ಇರುತ್ತೆ?" ಕೇಳಿದೆ, ಸುಮ್ಮನೆ.
"ನನ್ನ ಪಾಳಿ ಆರಕ್ಕೆ ಮುಗಿಯುತ್ತೆ," ಅಂದ.
"ಅದರದ್ದು ಮುಗಿಯೋದಿಲ್ಲ."

ಬೆಳಗ್ಗೆ ಕ್ರಾಸಿನಲ್ಲಿ ಹೊಸ ಗಾಡಿ.
ಮುನಿಯಲ್ಲಪ್ಪ ಈಗ ನೀರು ಹೊಯ್ದ ಮೇಲೂ ಹೋಗುವುದಿಲ್ಲವಂತೆ,
ಸ್ಟೂಲು ಹಾಕಿಕೊಂಡು ಡಬ್ಬದ ಪಕ್ಕ ಕೂರುತ್ತಾನಂತೆ,
ಹೆಂಡತಿ ಊಟಕ್ಕೆ ಕರೆದರೂ.
"ರಾತ್ರಿ ಕರೆಂಟ್ ಹೋಗಿತ್ತಲ್ಲಮ್ಮ, ನಿಮ್ಮವರೇ ತೆಗೆದ್ರಾ?"
ಹೂಂ ಅಂದೆ.
ಅವನು ಕೊಟ್ಟ ಸೀರೆಯನ್ನು ಮೊಣಕೈಗೆ ಹಾಕಿಕೊಂಡೆ.
ಗೇಟು ಮುಟ್ಟುವ ತನಕ ಬಿಸಿ ಇತ್ತು.